ಎರ್ಮಿಯ ಗೋಡೆ ಹೇಳಿದ ವೇಳೆ

ಹಸಿ ಕಾಂಕ್ರೀಟು ಬಿಗಿಯುವ ನಾಲ್ಕು ತಾಸಿನಲ್ಲಿ ತನ್ನ ಸುತ್ತಲಿನ ಸದ್ದನ್ನು ಒಳಗೆ ಇಟ್ಟುಕೊಳ್ಳುತ್ತದೆ ಎಂಬುದನ್ನು ಡಾ. ಗೌರಾ ತಡಕೋಡ ಪತ್ತೆಹಚ್ಚಿದ್ದು ಯಾವ ಯುದ್ಧದ ಸಲುವಾಗಿಯೂ ಅಲ್ಲ. ಆಗ ಅವಳು ಹಳೆಯ ಅಣೆಕಟ್ಟುಗಳ ಒಳಬಿರುಕು ಹುಡುಕುತ್ತಿದ್ದಳು. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಅದರೊಳಗೆ ಸೂಜಿಯಂಥ ಹರಳುಗಳು ಪದರ ಪದರವಾಗಿ ಬೆಳೆಯುತ್ತವೆ. ಆ ಹೊತ್ತಿನಲ್ಲಿ ಹತ್ತಿರದಲ್ಲಿ ಯಾರಾದರೂ ಮಾತನಾಡಿದರೆ, ಬಾಗಿಲು ಬಡಿದರೆ, ಆ ಕಂಪನಕ್ಕೆ ಹರಳು ಕಾಣದಷ್ಟು ಸಣ್ಣಗೆ ವಾಲಿ ಬೆಳೆಯುತ್ತದೆ. ಆ ವಾಲಿಕೆಯನ್ನು ಎಕ್ಸ್-ರೇ ಕಿರಣದಿಂದ ಪದರ ಪದರವಾಗಿ ಓದಿ ಮತ್ತೆ ಸದ್ದಾಗಿಸುವ ಯಂತ್ರವನ್ನು ಅವಳು ಕಟ್ಟಿದಳು. ಐವತ್ತು ವರ್ಷದ ಹಿಂದಿನ ಒಂದು ಗೋಡೆಯ ತುಂಡಿನಿಂದ ಮೊದಲು ಹೊರಬಂದದ್ದು ಯಾರೋ ಕೂಲಿಯವನ ಕೆಮ್ಮು. ಅದನ್ನು ಕೇಳಿ ಪ್ರಯೋಗಾಲಯದವರೆಲ್ಲ ಚಪ್ಪಾಳೆ ತಟ್ಟಿದ್ದರು. ಯಂತ್ರಕ್ಕೆ ದೊಡ್ಡದೊಂದು ಹೆಸರು ಇದ್ದರೂ ಎಲ್ಲರೂ ಅದನ್ನು ಕರೆಯುತ್ತಿದ್ದುದು ಕಲ್ಗಿವಿ ಎಂದು.

ಅಂತರರಾಷ್ಟ್ರೀಯ ಯುದ್ಧಾಪರಾಧ ನ್ಯಾಯಾಲಯದ ಪೂರ್ವ ಪೀಠ ಧಾರವಾಡದಲ್ಲಿ ಕೂರತೊಡಗಿದ ಮೇಲೆ ಕಲ್ಗಿವಿಗೂ ಗೌರಾಗೂ ಬೇರೆ ಕೆಲಸ ಬಂತು. ನ್ಯಾಯಾಲಯದ ಕಟ್ಟಡದ ಹಿಂದೆಯೇ ಅವಳಿಗೊಂದು ಪ್ರಯೋಗಾಲಯ ಕಟ್ಟಿಕೊಟ್ಟರು. ಸೇರುವ ದಿನ ಅವಳಿಂದ ಪ್ರಮಾಣ ಮಾಡಿಸಿದರು. ಈ ಪ್ರಯೋಗಾಲಯ ಆರೋಪ ಹೊರಿಸುವವರದೂ ಅಲ್ಲ, ಹೊತ್ತವರದೂ ಅಲ್ಲ. ಇಲ್ಲಿ ಕಂಡುಬಂದದ್ದನ್ನು ಮೂರು ದಿನದೊಳಗೆ ಎರಡೂ ಪಕ್ಷಕ್ಕೆ ತಿಳಿಸುತ್ತೇನೆ ಎಂದು. ಗೌರಾ ಅದನ್ನು ಬಲಗೈ ಎತ್ತಿ ಸಲೀಸಾಗಿ ಓದಿದ್ದಳು.

ಮೂರನೆಯ ವರ್ಷ ಎರ್ಮಿಯ ಮೊಕದ್ದಮೆ ಬಂತು.

ಎರ್ಮಿ ಸಲ್ವೀರ್ ದೇಶದ ಒಂದು ಸಣ್ಣ ಊರು. ಹನ್ನೊಂದು ವರ್ಷದ ಹಿಂದೆ ಒಳಯುದ್ಧದಲ್ಲಿ ಸೈನ್ಯ ಆ ಊರನ್ನು ಹಿಡಿದುಕೊಂಡು, ಊರಿನವರ ಕೈಯಿಂದಲೇ ಶಾಲೆಯ ಮೈದಾನದ ಅಂಚಿಗೆ ಬಂಕರಿನ ಗೋಡೆ ಕಟ್ಟಿಸಿತು. ಆ ಗೋಡೆಯ ಎದುರಿಗೇ ಮುನ್ನೂರ ಹನ್ನೆರಡು ಜನರನ್ನು ನಿಲ್ಲಿಸಿ ಗುಂಡು ಹೊಡೆದರು. ಎಂದು ಹೊಡೆದರು ಎನ್ನುವುದೇ ಮೊಕದ್ದಮೆಯ ತಿರುಳು. ಊರಿನ ಪಡೆಯ ಮುಖ್ಯಸ್ಥನಾಗಿದ್ದ ಕರ್ನಲ್ ಇದ್ರೇನ್ ಮೇ ಹದಿನಾಲ್ಕರ ಸಂಜೆ ಐದಕ್ಕೆ ಮೇಜರ್ ಕೊಲ್ವಾನ್ ಎಂಬವನಿಗೆ ಅಧಿಕಾರ ವಹಿಸಿ ಹೆಲಿಕಾಪ್ಟರ್ ಹತ್ತಿ ಹೋಗಿದ್ದ. ಅದಕ್ಕೆ ಸಾಕ್ಷಿ ಬೇಕಾದಷ್ಟಿತ್ತು. ಕೊಲ್ವಾನ್ ಯುದ್ಧದ ಕೊನೆಯ ತಿಂಗಳಲ್ಲಿ ಸತ್ತ. ಗುಂಡು ಹಾರಿದ್ದು ಐದಕ್ಕೆ ಮುಂಚೆ ಎಂದಾದರೆ ಇದ್ರೇನ್ ಉತ್ತರ ಕೊಡಬೇಕು. ಆಮೇಲೆ ಎಂದಾದರೆ ಉತ್ತರ ಕೊಡಲು ಯಾರೂ ಉಳಿದಿರಲಿಲ್ಲ.

ಗೋಡೆಯ ತುಂಡನ್ನು ಕಲ್ಗಿವಿಯಲ್ಲಿಟ್ಟಾಗ ಎಲ್ಲ ಕೇಳಿಸಿತು. ಬೂಟುಗಳ ಸದ್ದು. ಜನರ ಗದ್ದಲ. ಆಮೇಲೆ ಒಬ್ಬೊಬ್ಬರೇ ತಮ್ಮ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳುವುದು. ಯಾರಾದರೂ ಕೇಳಿಸಿಕೊಳ್ಳಲಿ ಎಂದು ಕೂಗಿದರೋ ಏನೋ. ಅವುಗಳಲ್ಲಿ ಮೂವತ್ತೊಂದು ಹೆಸರು ಸ್ಪಷ್ಟವಾಗಿದ್ದವು. ಬಳಿಕ ಒಂದು ಗಂಡಸಿನ ಆಜ್ಞೆ, ಯಾರದೆಂದು ಗುರುತು ಹಿಡಿಯಲಾಗದಷ್ಟು ಮಂಕು. ಬಳಿಕ ಗುಂಡು.

ಮೊದಲ ಗುಂಡು ಕೇಳಿಸಿದ್ದು ಕಾಂಕ್ರೀಟು ಬಿಗಿಯತೊಡಗಿದ ಒಂದು ತಾಸು ಹತ್ತು ನಿಮಿಷಕ್ಕೆ. ಸೈನ್ಯದ ದಾಖಲೆಯ ಪ್ರಕಾರ ಕಾಂಕ್ರೀಟು ಸುರಿದದ್ದು ಹದಿನಾಲ್ಕರ ಬೆಳಿಗ್ಗೆ ಹತ್ತಕ್ಕೆ. ಆ ಸಿಮೆಂಟಿಗೆ, ಆ ಹವೆಗೆ, ಬಿಗಿತ ಶುರುವಾಗುವುದು ಮಧ್ಯಾಹ್ನ ಒಂದಕ್ಕೆ. ಅಂದರೆ ಗುಂಡು ಹಾರಿದ್ದು ಎರಡು ಗಂಟೆ ಹತ್ತು ನಿಮಿಷಕ್ಕೆ. ಗೌರಾ ಹಾಗೆಂದು ಬರೆದು ಸಹಿ ಮಾಡಿದಳು. ಇದ್ರೇನನ ಬಂಧನವಾದದ್ದೇ ಆ ಸಹಿಯ ಮೇಲೆ.

ಬದುಕುಳಿದ ಒಬ್ಬಳೇ ಸಾಕ್ಷಿ ನಾಯ್ರಾ ತೆವಿಕ್. ನಲವತ್ತರ ಹೆಂಗಸು. ಅಂದು ಸಿಮೆಂಟಿನ ಬುಟ್ಟಿ ಹೊರುತ್ತಿದ್ದ ಅವಳು ಮಧ್ಯಾಹ್ನದ ಹೊತ್ತಿಗೆ ಜ್ವರ ಬಂದು ಕುಸಿದಳು. ತಂಗಿ ಮೀರ್ತಾ ಅವಳನ್ನು ಶೆಡ್ಡಿನಲ್ಲಿ ಖಾಲಿ ಚೀಲಗಳ ಕೆಳಗೆ ಮಲಗಿಸಿ ಮುಚ್ಚಿದ್ದಳು. ನಾಯ್ರಾ ಏನನ್ನೂ ನೋಡಲಿಲ್ಲ, ಜ್ವರದ ಮಂಪರಿನಲ್ಲಿ ಸದ್ದು ಮಾತ್ರ ಕೇಳಿದಳು. ಎಚ್ಚರವಾಗಿ ಹೊರಬಂದಾಗ ಸೈನಿಕರು ಊರು ಬಿಟ್ಟಿದ್ದರು. ಗಂಡ ದೋವಾನ್ ಮತ್ತು ತಂಗಿ ಇಬ್ಬರೂ ಆ ಮುನ್ನೂರ ಹನ್ನೆರಡರಲ್ಲಿದ್ದರು.

ಮೊಕದ್ದಮೆ ಮುಗಿಯುವ ತನಕ ನ್ಯಾಯಾಲಯ ಅವಳನ್ನು ಸಪ್ತಾಪುರದ ಒಂದು ಮನೆಯಲ್ಲಿ ಇಟ್ಟಿತ್ತು. ಅಲ್ಲಿ ಅಡುಗೆ, ಆರೈಕೆಗೆ ನೇಮಿಸಿದ್ದ ನೀಲವ್ವನಿಂದ ನಾಯ್ರಾ ಒಂದು ವರ್ಷದಲ್ಲಿ ಕನ್ನಡ ಕಲಿತಳು. ರೊಟ್ಟಿ ಬಡಿಯುವುದನ್ನೂ ಕಲಿತಳು. ಧ್ವನಿಗಳನ್ನು ಗುರುತಿಸಲು ವಾರಕ್ಕೆರಡು ಸಲ ಪ್ರಯೋಗಾಲಯಕ್ಕೆ ಬರುತ್ತಿದ್ದಳು. ಕೆಲಸ ಮುಗಿದ ಮೇಲೂ ಕಿವಿಗೆ ಹಾಕಿಕೊಂಡ ಹೆಡ್‌ಫೋನ್ ತೆಗೆಯುತ್ತಿರಲಿಲ್ಲ.

"ಇನ್ನೊಂದ ಸಲ ಹಚ್ರಿ ಅಕ್ಕಾರ," ಎನ್ನುತ್ತಿದ್ದಳು. "ಮೀರ್ತಾಂದು. ಬರೇ ಹೆಸರು ಹೇಳೂದು."

ಗೌರಾ ಹಚ್ಚುತ್ತಿದ್ದಳು. ಮೂರು ಸೆಕೆಂಡಿನ ಧ್ವನಿ. ಮೀರ್ತಾ ತೆವಿಕ್ ಎಂದು ಒಂದು ಹುಡುಗಿ ಕೂಗಿ ಹೇಳುತ್ತಿದ್ದಳು, ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ.

ಜುಲೈ ತಿಂಗಳ ಒಂದು ಮಧ್ಯಾಹ್ನ ಅಂಥದೇ ಕೆಲಸ ಮುಗಿದಿತ್ತು. ಜೊತೆಗೆ ಕೂರುವ ನ್ಯಾಯಾಲಯದ ಅಧಿಕಾರಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ. ನೀಲವ್ವ ಬಂದು ಕರೆದೊಯ್ಯುವುದಕ್ಕೆ ಇನ್ನೂ ಹೊತ್ತಿತ್ತು. ಗೌರಾ ಎರಡು ಕಪ್ ಚಹಾ ತರಿಸಿದಳು. ನಾಯ್ರಾ ಒಂದು ಗುಟುಕು ಕುಡಿದು ಕಪ್ಪನ್ನು ಕೆಳಗಿಟ್ಟಳು.

"ಸಕ್ರಿ ಹಾಕ್ಯಾರ."

"ಅಯ್ಯ, ನಿಂಗ ಸಕ್ರಿ ಆಗಂಗಿಲ್ಲೇನು? ಶುಗರ್ ಐತಿ?"

"ಇಲ್ರಿ. ಬ್ಯಾನಿ ಏನಿಲ್ಲ." ನಾಯ್ರಾ ಸ್ವಲ್ಪ ನಕ್ಕಳು. ಅವಳು ನಕ್ಕದ್ದನ್ನು ಗೌರಾ ನೋಡಿದ್ದು ಅದೇ ಮೊದಲು. "ಯುದ್ಧದಾಗ ಸಕ್ರಿ ಎಲ್ಲೂ ಸಿಗ್ತಿರಲಿಲ್ಲ. ಮನಿಗೆ ಒಂದ ಮುಟಿಗಿ ಕೊಡ್ತಿದ್ರು, ಹುಡುಗೂರಿಗೆ ಅಂತ. ನಾವು ಹೆಣ್ಣಮಕ್ಕಳು ಅದನ್ನೂ ಕೂಡಿಸಿದ್ವಿ. ಎಲ್ಲಾ ಮನಿದೂ. ನಾಕು ಕಿಲೋ ಆತು. ಆ ಮ್ಯಾಲ ತಿನ್ನಾಕ ಮನಸ್ಸು ಬರಂಗಿಲ್ಲ."

"ಯಾಕ ಕೂಡಿಸಿದ್ರಿ?"

"ಗ್ವಾಡಿಗೆ ಹಾಕಾಕ."

ಗೌರಾ ಕೈಯಲ್ಲಿದ್ದ ಕಪ್ಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ನನ್ನ ಗಂಡ ದೋವಾನ್ ಗೌಂಡಿ ಕೆಲಸದಂವ," ನಾಯ್ರಾ ಹೇಳುತ್ತ ಹೋದಳು. "ಅಂವ ಹೇಳಿದ್ದ, ಸಕ್ರಿ ಬಿದ್ರ ಸಿಮೆಂಟ್ ಹಿಡಿಯಂಗಿಲ್ಲ ಅಂತ. ಅವರ ಬಂಕರ್ ಬೀಳಲಿ ಅಂತ ನಮಗ ಆಸೆ. ಮಿಕ್ಸರ್ ತಿರಗೂವಾಗ ನಾನ ಹಾಕಿದೆ, ಊಟದ ಡಬ್ಬಿಯಿಂದ. ಸಿಪಾಯಿ ಬಾಜೂಕ ನಿಂತಿದ್ದ. ನೋಡಲಿಲ್ಲ. ಅರವತ್ತು ಚೀಲ ಸಿಮೆಂಟಿಗೆ ನಾಕು ಕಿಲೋ." ಚಹಾದ ಕಪ್ಪನ್ನು ದೂರ ಸರಿಸಿ ಹೇಳಿದಳು: "ಬಂಕರ್ ಬೀಳಲಿಲ್ರಿ. ಇನ್ನೂ ನಿಂತೈತಿ."

"ಇದನ್ನ ಯಾರಿಗರೆ ಹೇಳಿಯೇನು?"

"ಯಾರೂ ಕೇಳಲಿಲ್ಲ."

ಬಾಗಿಲಲ್ಲಿ ನೀಲವ್ವ ಕೊಡೆ ಕೊಡವುತ್ತ ನಿಂತಿದ್ದಳು. ನಾಯ್ರಾ ಎದ್ದು ಹೋದಳು. ಗೌರಾ ಕುಳಿತಲ್ಲೇ ಕುಳಿತಳು. ಸಕ್ಕರೆ ಕಾಂಕ್ರೀಟಿಗೆ ಏನು ಮಾಡುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಷ್ಟು ಸಕ್ಕರೆ ಕಾಂಕ್ರೀಟನ್ನು ಕೆಡಿಸುವುದಿಲ್ಲ. ಬಿಗಿತ ಶುರುವಾಗುವುದನ್ನು ತಡ ಮಾಡುತ್ತದೆ, ಅಷ್ಟೇ. ಒಮ್ಮೆ ಶುರುವಾಯಿತೆಂದರೆ ಎಂದಿನ ವೇಗದಲ್ಲೇ ಬಿಗಿಯುತ್ತದೆ. ಹಾಗಾಗಿ ಕಲ್ಗಿವಿಯಲ್ಲಿ ಧ್ವನಿಗಳು ಚೂರೂ ಕೆಟ್ಟಿರಲಿಲ್ಲ, ಯಾರಿಗೂ ಅನುಮಾನ ಬಂದಿರಲಿಲ್ಲ. ತಪ್ಪಿದ್ದರೆ ತಪ್ಪಿದ್ದು ಗಡಿಯಾರ ಮಾತ್ರ.

ಮರುದಿನ ಬೆಳಿಗ್ಗೆ ಗೋಡೆಯ ಉಳಿದ ತುಂಡಿನಿಂದ ಚಿಟಿಕೆ ಪುಡಿ ತೆಗೆದು ಪರೀಕ್ಷೆ ಮಾಡಿದಳು. ಸಕ್ಕರೆಯ ಗುರುತು ಸಿಕ್ಕಿತು. ಅದೇ ಬಗೆಯ ಸಿಮೆಂಟು ತಂದು, ಅದೇ ಪ್ರಮಾಣದಲ್ಲಿ ಸಕ್ಕರೆ ಹಾಕಿ, ಎರ್ಮಿಯ ಮೇ ತಿಂಗಳ ಹವೆಗೆ ಕೋಣೆಯನ್ನು ತಣ್ಣಗೆ ಮಾಡಿ, ಮಧ್ಯಾಹ್ನ ಎರಡಕ್ಕೆ ಮೂರು ಅಚ್ಚಿನಲ್ಲಿ ಸುರಿದಳು. ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಬಂದು ಬೆರಳಿಟ್ಟರೆ ಇನ್ನೂ ಒಳಗೆ ಇಳಿಯುತ್ತಿತ್ತು. ಒಂಬತ್ತರ ಸುಮಾರಿಗೆ ಬಿಗಿಯತೊಡಗಿತು. ಹತ್ತೊಂಬತ್ತು ತಾಸು.

ಹದಿನಾಲ್ಕರ ಬೆಳಿಗ್ಗೆ ಹತ್ತಕ್ಕೆ ಹತ್ತೊಂಬತ್ತು ತಾಸು ಕೂಡಿಸಿದರೆ ಹದಿನೈದರ ಬೆಳಗಿನ ಐದು. ಮೊದಲ ಗುಂಡು ಆರು ಗಂಟೆ ಹತ್ತು ನಿಮಿಷಕ್ಕೆ. ಇದ್ರೇನ್ ಊರು ಬಿಟ್ಟು ಆಗ ಹದಿಮೂರು ತಾಸು ಕಳೆದಿತ್ತು.

ಗೌರಾ ತನ್ನ ಹಳೆಯ ವರದಿಯನ್ನು ತೆರೆದಳು. ಧ್ವನಿ ಶುರುವಾದ ನಾಲ್ಕನೆಯ ನಿಮಿಷದಲ್ಲಿ ಒಂದು ಕೋಳಿ ಕೂಗುತ್ತದೆ. ಅದರ ಮುಂದೆ ಅವಳೇ ಬರೆದಿದ್ದಳು: ಕೋಳಿ ಯಾವ ಹೊತ್ತಿಗೂ ಕೂಗಬಹುದು, ಮಹತ್ವವಿಲ್ಲ. ಕೆಲಸ ನಡೆಯುವ ಮಧ್ಯಾಹ್ನದಲ್ಲಿ ಮಿಕ್ಸರಿನ ಸದ್ದು ಯಾಕಿಲ್ಲ ಎಂಬುದಕ್ಕೂ ಒಂದು ಸಾಲು ಬರೆದಿದ್ದಳು: ಜನರನ್ನು ಸೇರಿಸುವಾಗ ಕೆಲಸ ನಿಲ್ಲಿಸಿರಬೇಕು. ಎರಡೂ ಸಾಲು ಅವಳ ಕೈಬರಹದಲ್ಲೇ ಇದ್ದವು. ನಾಯ್ರಾಳ ಮೊದಲ ಹೇಳಿಕೆಯೂ ಅದೇ ಕಡತದಲ್ಲಿತ್ತು. ಹನ್ನೊಂದು ವರ್ಷದ ಹಿಂದೆ ಪರಿಹಾರ ಶಿಬಿರದಲ್ಲಿ ಅವಳು ಹೇಳಿದ್ದು, ಒಂದು ದಿನ ಕಳೆದಿತ್ತೋ ಎರಡು ದಿನವೋ ಗೊತ್ತಿಲ್ಲ ಎಂದು. ಕಲ್ಗಿವಿಯ ವರದಿ ಬಂದ ಮೇಲೆ ನ್ಯಾಯಾಲಯದಲ್ಲಿ ಹೇಳಿದ್ದು, ಅದೇ ಮಧ್ಯಾಹ್ನ ಎಂದು. ಅವಳು ಸುಳ್ಳು ಹೇಳಿರಲಿಲ್ಲ. ಗೌರಾಳ ಯಂತ್ರವನ್ನು ನಂಬಿದ್ದಳು.

ಅಂದು ಗೌರಾ ಬೇಗ ಮನೆಗೆ ಬಂದಳು. ಗಂಡ ಮಲ್ಲೇಶಪ್ಪ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟುಕೊಂಡಿದ್ದ. ಮಧ್ಯಾಹ್ನದ ಊಟಕ್ಕೆ ಬಂದವನು ಹೆಂಡತಿ ಜಗುಲಿಯ ಮೇಲೆ ಚಪ್ಪಲಿ ಸಹ ಬಿಡದೆ ಕುಳಿತದ್ದನ್ನು ನೋಡಿದ. ಗೌರಾ ಹೆಸರುಗಳನ್ನು ಬಿಟ್ಟು ವಿಷಯ ಹೇಳಿದಳು. ಅವನು ಕೈ ತೊಳೆದು, ಊಟದ ತಾಟು ತಂದು ಎದುರಿಗೆ ಕುಳಿತ.

"ಆ ಮನಶ್ಯಾ ಕೊಲ್ಲಿಸ್ಯಾನೋ ಇಲ್ಲೋ? ಅದನ್ನ ಹೇಳು ಮೊದಲ."

"ಗೊತ್ತಿಲ್ಲರಿ."

"ನಿನ್ನ ಮಷೀನು ಗೊತ್ತೈತಿ ಅಂತ ಹೇಳಿತ್ತಲ್ಲ."

"ಮಷೀನು ಹೇಳಿದ್ದಲ್ಲ. ನಾ ಹೇಳಿದ್ದು."

ಮಲ್ಲೇಶಪ್ಪ ತಾಟಿನಲ್ಲಿದ್ದ ರೊಟ್ಟಿ ಮುರಿದ, ತಿನ್ನಲಿಲ್ಲ. "ಆಕಿ ಚಾ ಕುಡಿಯೂ ಮುಂದ ಹೇಳಿದ ಮಾತು. ನೀ ಕೇಳದ ಇದ್ರ ಯಾರಿಗೂ ತಿಳೀತಿರಲಿಲ್ಲ. ಹೌದಿಲ್ಲೋ?"

"ಹೌದು."

"ಸುಮ್ಮನಿದ್ರ ಏನಾಕ್ಕೈತಿ?"

"ಅಂವ ಸಾಯೋ ತನಕ ಜೇಲಿನ್ಯಾಗ ಇರ್ತಾನ. ನಾಯ್ರಾ ಊರಿಗೆ ಹೋಗಿ ನ್ಯಾಯ ಸಿಕ್ತು ಅಂತ ಹೇಳ್ತಾಳ." ಹೆಸರು ಬಾಯಿಂದ ಜಾರಿದ್ದು ಗೌರಾಗೆ ಗೊತ್ತಾಗಲಿಲ್ಲ. "ನಾ ದಿನಾ ಅದ ಮಷೀನಿನ ಮುಂದ ಕುಂಡ್ರತೇನಿ. ಮುಂದಿನ ಕೇಸಿನ್ಯಾಗ ಮತ್ತ ಬಲಗೈ ಎತ್ತತೇನಿ."

ಅವನು ತಾಟನ್ನು ಅವಳ ಕಡೆಗೆ ಸರಿಸಿದ. "ನಾ ಏನ ಹೇಳಿದ್ರೂ ನೀ ಕೇಳಂಗಿಲ್ಲ," ಎಂದ ಕೊನೆಗೆ. "ಊಟಾ ಮಾಡು. ಹೊಟ್ಟಿ ಖಾಲಿ ಇಟಗೊಂಡು ಅಲ್ಲಿ ಹೋಗಬ್ಯಾಡ."

ಆರೋಪ ಪಕ್ಷದ ಮುಖ್ಯ ವಕೀಲೆ ಶ್ರೀಮತಿ ಒಕೋರೊ ಆಫ್ರಿಕದವರು. ಇಪ್ಪತ್ತು ವರ್ಷ ಇಂಥ ಮೊಕದ್ದಮೆಗಳಲ್ಲೇ ಕಳೆದವರು. ಗೌರಾ ಹೊಸ ವರದಿಯ ಎರಡು ಪ್ರತಿ ತೆಗೆದುಕೊಂಡು ಹೋಗಿದ್ದಳು, ಒಂದು ಅವರಿಗೆ, ಇನ್ನೊಂದು ಎದುರು ಪಕ್ಷಕ್ಕೆ. ಒಕೋರೊ ಓದಿ ಮುಗಿಸಿ ಕನ್ನಡಕ ತೆಗೆದರು.

"ಎರಡನೆಯ ಪ್ರತಿ ಕೊಟ್ಟಾಯಿತೇ?"

"ಇನ್ನೂ ಇಲ್ಲ. ಇಲ್ಲಿಂದ ನೇರವಾಗಿ ಹೋಗುತ್ತೇನೆ."

"ಸಾಕ್ಷಿ ಈ ಮಾತು ಹೇಳಿದ್ದು ಚಹಾ ಕುಡಿಯುವಾಗ. ಅಧಿಕಾರಿ ಎದುರಿಗಿರಲಿಲ್ಲ. ಅದು ಹೇಳಿಕೆಯೇ ಅಲ್ಲ ಎಂದು ನಾನು ವಾದಿಸಬಹುದು."

"ಸಕ್ಕರೆ ಗೋಡೆಯಲ್ಲಿದೆ ಮೇಡಂ. ಅದಕ್ಕೆ ಅಧಿಕಾರಿ ಬೇಕಿಲ್ಲ."

ಒಕೋರೊ ಎದ್ದು ಕಿಟಕಿಯ ಬಳಿ ಹೋದರು. "ಅಧಿಕಾರ ವಹಿಸಿಕೊಡಲು ಆ ಮನುಷ್ಯ ಹದಿನಾಲ್ಕರ ಬೆಳಿಗ್ಗೆಯೇ ಬರೆದಿಟ್ಟ ಕಾಗದ ನೀವು ನೋಡಿದ್ದೀರಿ. ಟ್ರಕ್ಕು ಇಷ್ಟು, ಡೀಸೆಲ್ ಇಷ್ಟು, ಶಾಲೆಯಲ್ಲಿ ಜನ ಮುನ್ನೂರ ಹನ್ನೆರಡು. ಸಾಮಾನಿನ ಪಟ್ಟಿಯಲ್ಲಿ ಬರೆದಿದ್ದಾನೆ. ಬೆಳಗಾದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತೆಂದು ನನ್ನ ಮನಸ್ಸು ಹೇಳುತ್ತದೆ. ರುಜುವಾತು ಮಾಡಲಾರೆ. ನಿಮ್ಮ ಎರಡು ಗಂಟೆ ಹತ್ತು ನಿಮಿಷ ಒಂದೇ ನನ್ನ ಕೈಯಲ್ಲಿದ್ದದ್ದು."

"ನನಗೆ ಗೊತ್ತು."

ಅವರು ತಿರುಗಿ ಬಂದು, ವರದಿ ತಲುಪಿತೆಂದು ಸಹಿ ಹಾಕಿ ಕೊಟ್ಟರು. ಸಹಿ ಹಾಕುವಾಗ ಪೆನ್ನು ಕಾಗದವನ್ನು ಹರಿಯಿತು. "ಹೋಗಿ ಕೊಡಿ," ಎಂದರು. "ಬೇಗ ಹೋಗಿ, ನಾನು ಬೇರೆ ಏನಾದರೂ ಹೇಳುವ ಮುಂಚೆ."

ಇದ್ರೇನನ ಪರ ವಾದಿಸುತ್ತಿದ್ದವರು ಧಾರವಾಡದವರೇ, ಅಬ್ದುಲ್ ಮುನಾಫ್ ಸವಣೂರ. ನ್ಯಾಯಾಲಯ ನೇಮಿಸಿಕೊಟ್ಟ ವಕೀಲರು. ಈ ಕೆಲಸ ಹಿಡಿದ ಮೇಲೆ ಮಾರುಕಟ್ಟೆಯಲ್ಲಿ ಪರಿಚಯದವರು ಮುಖ ತಿರುಗಿಸುತ್ತಿದ್ದರೂ, ಯಾರಾದರೂ ಮಾಡಲೇಬೇಕಾದ ಕೆಲಸ ಎಂದು ಅವರು ಬಿಟ್ಟಿರಲಿಲ್ಲ. ವರದಿ ಓದಿ ಅವರು ಖುಷಿಪಡಲಿಲ್ಲ.

"ಡಾಕ್ಟರಬಾಯಾರ, ಇದನ್ನ ನಾ ಉಪಯೋಗ ಮಾಡಬೇಕಾಕ್ಕೈತಿ," ಎಂದರು. "ಪೂರ್ತಿ. ಅರ್ಧಾ ಬಿಡಾಕ ಬರಂಗಿಲ್ಲ. ನೀವು ಮನಸ್ಸು ಗಟ್ಟಿ ಮಾಡ್ಕೋರಿ."

ಅವರು ಹಾಗೆ ಯಾಕೆ ಹೇಳಿದರೆಂದು ಗೌರಾಗೆ ತಿಳಿದದ್ದು ವಿಚಾರಣೆಯ ದಿನ.

ನಾಯ್ರಾಳನ್ನು ಮತ್ತೆ ಸಾಕ್ಷಿಕಟ್ಟೆಗೆ ಕರೆದರು. ಗಾಜಿನಾಚೆ ಇದ್ರೇನ್ ನೀಲಿ ಕೋಟು ಹಾಕಿಕೊಂಡು, ಕೈಯಲ್ಲಿ ಪೆನ್ಸಿಲು ಹಿಡಿದು ಕುಳಿತಿದ್ದ. ಎಪ್ಪತ್ತರ ಹತ್ತಿರದ ಸಾಧಾರಣ ಮುಖದ ಮನುಷ್ಯ. ಮುನಾಫ್ ಮೆಲುದನಿಯಲ್ಲಿ, ಸಕ್ಕರೆ ಹಾಕಿದ್ದು ಹೌದೇ ಎಂದು ಕೇಳಿದರು. ನಾಯ್ರಾ ಹೌದೆಂದಳು. ಎಷ್ಟು, ಯಾವಾಗ, ಯಾವ ಡಬ್ಬಿಯಲ್ಲಿ ಎಂದು ಕೇಳಿದರು. ಎಲ್ಲವನ್ನೂ ತನ್ನ ಭಾಷೆಯಲ್ಲಿ ಹೇಳಿದಳು. ಗೌರಾ ಹತ್ತೊಂಬತ್ತು ತಾಸಿನ ಲೆಕ್ಕ ವಿವರಿಸಿದಳು. ಆಮೇಲೆ ಮುನಾಫ್ ನ್ಯಾಯಾಧೀಶರ ಕಡೆಗೆ ತಿರುಗಿದರು.

"ಸಂಜೆ ಮೇಜರ್ ಕೊಲ್ವಾನ್ ಅಧಿಕಾರ ತೆಗೆದುಕೊಂಡಾಗ ಗೋಡೆ ಬಿಗಿದಿರಬೇಕಿತ್ತು. ಬಿಗಿದಿರಲಿಲ್ಲ. ಬೇಕೆಂದೇ ಕೆಡಿಸಿದ್ದಾರೆ ಎಂದು ಅವನಿಗೆ ಗೊತ್ತಾಗಿರಬೇಕು. ಮರುದಿನ ಬೆಳಿಗ್ಗೆ ಜನರನ್ನು ಅದೇ ಗೋಡೆಯ ಮುಂದೆಯೇ ನಿಲ್ಲಿಸಿದ್ದೇಕೆ? ಅದು ಸೇಡು. ಆ ಸೇಡಿನ ಕಾರಣ ನನ್ನ ಕಕ್ಷಿದಾರ ಊರು ಬಿಡುವವರೆಗೆ ಹುಟ್ಟಿಯೇ ಇರಲಿಲ್ಲ."

ನಾಯ್ರಾಳ ಕಿವಿಯಲ್ಲಿ ಅನುವಾದ ಒಂದು ಗಳಿಗೆ ತಡವಾಗಿ ಮುಟ್ಟಿತು. ಗೌರಾ ಅವಳನ್ನೇ ನೋಡುತ್ತಿದ್ದಳು. ನಾಯ್ರಾ ಕಿವಿಗೆ ಹಾಕಿದ್ದನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಕೈಗಳನ್ನು ತಿರುಗಿಸಿ ಅಂಗೈ ನೋಡಿಕೊಂಡಳು. ಅಧ್ಯಕ್ಷ ನ್ಯಾಯಾಧೀಶರು ನೀರು ಬೇಕೇ ಎಂದು ಕೇಳಿದರು. ಆ ದಿನ ವಿಚಾರಣೆ ಅಲ್ಲಿಗೇ ನಿಂತಿತು.

ತೀರ್ಪು ಬಂದದ್ದು ಅಕ್ಟೋಬರಿನಲ್ಲಿ. ನಾನೂರು ಪುಟ. ಜನರಿಂದ ಬಲವಂತದ ದುಡಿಮೆ ಮಾಡಿಸಿದ್ದಕ್ಕೆ ಇದ್ರೇನನಿಗೆ ಮೂರು ವರ್ಷ. ಅದನ್ನು ಅವನು ಬಂಧನದಲ್ಲೇ ಕಳೆದಾಗಿತ್ತು. ಕೊಲೆಗಳ ಆರೋಪದಿಂದ ಬಿಡುಗಡೆ. ಗೋಡೆ ಬಿಗಿಯದಿದ್ದುದೇ ಹತ್ಯೆಗೆ ಕಾರಣ ಎಂಬುದಕ್ಕೆ ಆಧಾರವಿಲ್ಲ, ಅದು ಊಹೆ ಮಾತ್ರ ಎಂದೂ ಇನ್ನೂರ ಎಂಬತ್ತನೆಯ ಪುಟದಲ್ಲಿ ಬರೆದಿತ್ತು. ಪ್ರಯೋಗಾಲಯದ ಪ್ರಾಮಾಣಿಕತೆಯನ್ನು ಎರಡು ಸಾಲಿನಲ್ಲಿ ಮೆಚ್ಚಿದ್ದರು.

ಗೌರಾ ಹೊರಗೆ ಬರುವಾಗ ಮೊಗಸಾಲೆಯಲ್ಲಿ ಇದ್ರೇನ್ ಎದುರಾದ. ಕಾವಲಿನವರು ಈಗ ಅವನ ಕೈ ಹಿಡಿದಿರಲಿಲ್ಲ, ಜೊತೆಗೆ ನಡೆಯುತ್ತಿದ್ದರಷ್ಟೇ. ಅವನು ನಿಂತ. ಇಲ್ಲಿಯ ಜನ ಮಾಡುವುದನ್ನು ನೋಡಿ ಕಲಿತಿದ್ದನೋ ಏನೋ, ಎರಡೂ ಕೈ ಜೋಡಿಸಿ ಅವಳಿಗೆ ನಮಸ್ಕಾರ ಮಾಡಿದ. "ನೀವು ನನಗೆ ಜೀವ ಕೊಟ್ಟಿರಿ," ಎಂದು ಇಂಗ್ಲಿಷಿನಲ್ಲಿ ಹೇಳಿದ.

ಗೌರಾ ಮರುನಮಸ್ಕಾರ ಮಾಡಲಿಲ್ಲ. ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದುಕೊಂಡಳು.

ಮೂರು ದಿನದ ಮೇಲೆ ಸಪ್ತಾಪುರಕ್ಕೆ ಹೋದಳು. ಮೊಕದ್ದಮೆ ಮುಗಿದಿತ್ತು, ಸಾಕ್ಷಿಯೊಡನೆ ಮಾತನಾಡಲು ಈಗ ಅಡ್ಡಿ ಇರಲಿಲ್ಲ. ನೀಲವ್ವ ಬಾಗಿಲು ತೆರೆದಳು.

"ಬರ್ರಿ ಅಕ್ಕಾರ. ಆಕಿ ಬಟ್ಟಿ ಕಟ್ಟಾಕ ಹತ್ಯಾಳ. ನಾಳೆ ಹೊರಡ್ತಾಳಂತ. ಮೂರ ದಿನಾತು, ಸರಿಯಾಗಿ ಉಂಡಿಲ್ಲ."

ನಾಯ್ರಾ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಆತು ನಿಂತಳು. ಒಳಗೆ ಬಾ ಎನ್ನಲಿಲ್ಲ.

"ನನ್ನ ಮಂದೀನ ನಾನ ಕೊಂದೆ ಅಂತ ಕೋರ್ಟಿನ್ಯಾಗ ಹೇಳಿದ್ರು," ಎಂದಳು.

"ಅದು ವಕೀಲರ ವಾದ, ನಾಯ್ರಾ. ಜಡ್ಜರು ಒಪ್ಪಿಲ್ಲ. ತೀರ್ಪಿನ್ಯಾಗ ಬರದಾರ, ಅದು ಬರೇ ಊಹೆ ಅಂತ."

"ನಾನೂರು ಪುಟ. ಎರ್ಮ್ಯಾಗ ಯಾರು ಓದ್ತಾರ? ರೇಡಿಯೋದಾಗ ಎರಡ ಮಾತು ಬಂತು. ಕರ್ನಲ್ ಬಿಟ್ರು. ಸಕ್ರಿ ಹಾಕಿದ್ದು ನಾಯ್ರಾ."

ಗೌರಾ ಹೇಳಬೇಕೆಂದು ಬಂದದ್ದನ್ನು ಹೇಳಿದಳು. ಆ ಮೂರೂ ದಿನ ಅದನ್ನೇ ಮನಸ್ಸಿನಲ್ಲಿ ಹೊತ್ತು ತಿರುಗಿದ್ದಳು.

"ಒಂದು ಮಾತು ಕೇಳು. ನೀ ಸಕ್ರಿ ಹಾಕದ ಇದ್ದಿದ್ರ ಆ ಗ್ವಾಡಿ ಹದಿನಾಕರ ಸಂಜಿ ಐದಕ್ಕ ಕಲ್ಲಾಗಿರ್ತಿತ್ತು. ಮರುದಿನ ಮುಂಜಾನೆ ಏನಾತು ಅನ್ನೂದು ಅದರಾಗ ಒಂದಕ್ಷರ ಇರ್ತಿರಲಿಲ್ಲ. ಆ ಮೂವತ್ತೊಂದು ಹೆಸರು ಇರ್ತಿರಲಿಲ್ಲ. ಮೀರ್ತಾನ ದನಿ ಇರ್ತಿರಲಿಲ್ಲ. ನಿನ್ನ ಸಕ್ರಿಯಿಂದ ಆ ಗ್ವಾಡಿ ಮುಂಜಾನಿ ತನಕ ಹಸಿ ಉಳೀತು. ಅದಕ್ಕ ಅವರು ನಮಗ ಕೇಳಿಸಿದ್ರು."

ಹಿಂದೆ ನಿಂತಿದ್ದ ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇದು ಖರೇ ಏನು?" ನಾಯ್ರಾ ಕೇಳಿದಳು.

"ಖರೇ."

"ಕೋರ್ಟಿಗೆ ಹೇಳೀರೇನ್ರಿ?"

"ಇಲ್ಲ. ಅದನ್ನ ಯಾರೂ ಕೇಳಲಿಲ್ಲ. ಕೇಸಿಗೆ ಅದು ಬೇಕಾಗಿರಲಿಲ್ಲ."

"ಅವಗ ಬೇಕಾಗಿದ್ದ ಖರೇ ನೀ ಬರದು, ಸಹಿ ಮಾಡಿ ಕೊಟ್ಟಿ," ನಾಯ್ರಾ ಹೇಳಿದಳು. ಅಲ್ಲಿಯವರೆಗೆ ಅವಳು ಗೌರಾಳನ್ನು ಏಕವಚನದಲ್ಲಿ ಕರೆದಿರಲಿಲ್ಲ. "ನನಗ ಬೇಕಾಗಿದ್ದ ಖರೇ, ಎಲ್ಲಾ ಮುಗದ ಮ್ಯಾಲ, ನನ್ನ ಮನಿ ಬಾಗಿಲಿಗೆ ಬಂದು ಹೇಳ್ತಿ."

ದನಿ ಏರಿರಲಿಲ್ಲ. ಅವಳು ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಗೌರಾ ಮೆಟ್ಟಿಲಿಳಿದು ಬಸ್ ನಿಲ್ದಾಣದ ಕಡೆಗೆ ನಡೆದಳು.

ಮರುದಿನ ನಾಯ್ರಾ ಹೊರಟುಹೋದಳು. ಗೌರಾ ಅದೇ ದಿನ ಒಂದೂವರೆ ಪುಟದ ಹೇಳಿಕೆ ಬರೆದು ನ್ಯಾಯಾಲಯದ ಕಚೇರಿಗೆ ಕೊಟ್ಟಳು. ತೀರ್ಪಾದ ಮೇಲೆ ಪ್ರಯೋಗಾಲಯದ ಹೇಳಿಕೆ ತೆಗೆದುಕೊಳ್ಳುವ ನಿಯಮವಿಲ್ಲ ಎಂದು ಅದನ್ನು ವಾಪಸು ಕಳಿಸಿದರು. ಅವಳು ಮತ್ತೆ ಕೊಟ್ಟಳು. ಮೂರನೆಯ ಸಲ ಒಕೋರೊ ತಮ್ಮ ಹೆಸರನ್ನೂ ಕೆಳಗೆ ಸೇರಿಸಿದರು. ನಾಲ್ಕನೆಯ ಸಲ, ಯಾರೂ ಕೇಳದೆಯೇ, ಮುನಾಫ್ ಸವಣೂರ ಸೇರಿಸಿದರು. ಎರಡೂ ಪಕ್ಷದವರ ಸಹಿ ಇರುವ ಕಾಗದವನ್ನು ತಳ್ಳಿಹಾಕುವ ನಿಯಮವೂ ಇರಲಿಲ್ಲ. ಫೆಬ್ರುವರಿಯ ಒಂದು ಸೋಮವಾರ ಬೆಳಿಗ್ಗೆ, ಬೇರೆ ಮೊಕದ್ದಮೆ ಶುರುವಾಗುವ ಮುಂಚೆ, ಓದಿ ದಾಖಲು ಮಾಡಿಕೊಳ್ಳುತ್ತೇವೆಂದು ತಿಳಿಸಿದರು.

ಅಂದು ಸಭಾಂಗಣದಲ್ಲಿ ಹೆಚ್ಚು ಜನರಿರಲಿಲ್ಲ. ಇದ್ರೇನ್ ತನ್ನ ದೇಶಕ್ಕೆ ಮರಳಿದ್ದ. ನಾಯ್ರಾಳಿಗೆ ಸುದ್ದಿ ಕಳಿಸಿದ್ದರೂ ಉತ್ತರ ಬಂದಿರಲಿಲ್ಲ. ಗೌರಾ ಮೇಲೆ ನೋಡಿದಾಗ ಸಾರ್ವಜನಿಕರ ಸಾಲಿನಲ್ಲಿ ಒಬ್ಬಳೇ ನೀಲವ್ವ ಕುಳಿತಿದ್ದಳು. ಇಳಕಲ್ ಸೀರೆ ಉಟ್ಟು, ಎಲ್ಲರಂತೆ ಕಿವಿಗೆ ಅನುವಾದದ ಯಂತ್ರ ಸಿಕ್ಕಿಸಿಕೊಂಡಿದ್ದಳು.

ಗುಮಾಸ್ತ ಒಂದೂವರೆ ಪುಟವನ್ನು ಓದಿದ. ಸಾಕ್ಷಿಯೂ ಎರ್ಮಿಯ ಇತರ ಹೆಂಗಸರೂ ಸೇರಿ ಹಾಕಿದ ಸಕ್ಕರೆಯಿಲ್ಲದೆ ಹೋಗಿದ್ದರೆ ಈ ನ್ಯಾಯಾಲಯಕ್ಕೆ ಸತ್ತವರ ದನಿ ಕೇಳಿಸುತ್ತಿರಲಿಲ್ಲ ಎಂದಿತ್ತು ಕೊನೆಯ ವಾಕ್ಯ. ಅದರ ಕೆಳಗೆ ಮೂವತ್ತೊಂದು ಹೆಸರು. ಅವನ್ನೂ ಓದಿದ, ಕೆಲವನ್ನು ತಪ್ಪಾಗಿ ಉಚ್ಚರಿಸಿದ. ಆಕ್ಷೇಪಣೆ ಇದೆಯೇ ಎಂದು ಅಧ್ಯಕ್ಷರು ಕೇಳಿದರು. ಮುನಾಫ್ ಎದ್ದು ಇಲ್ಲವೆಂದರು. ಒಕೋರೊ ಎದ್ದು ಇಲ್ಲವೆಂದರು. ದಾಖಲಾಯಿತು ಎಂದು ಹೇಳಿ ಅಧ್ಯಕ್ಷರು ಮುಂದಿನ ಕಡತ ತೆರೆದರು.

ಗೌರಾ ಹೊರಗೆ ಬಂದಾಗ ನೀಲವ್ವ ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು.

"ಮುಗೀತೇನ್ರಿ ಅಕ್ಕಾರ?"

"ಮುಗೀತು, ನೀಲವ್ವ."

"ಇಷ್ಟ?"

"ಇಷ್ಟ."

ನೀಲವ್ವ ಸೆರಗು ಸರಿಮಾಡಿಕೊಂಡಳು. "ಆಕಿ ಫೋನ್ ಎತ್ತಂಗಿಲ್ರಿ," ಎಂದಳು. "ಆದ್ರೂ ದಿನಾ ಹಚ್ಚತೇನಿ. ಎತ್ತಿದ ದಿನ ಹೇಳ್ತೇನಿ." ಮೆಟ್ಟಿಲಿಳಿದು ಎರಡು ಹೆಜ್ಜೆ ಹೋದವಳು ನಿಂತು ಹಿಂದಿರುಗಿ ಕೇಳಿದಳು: "ಆ ಹೆಸರಾ ನನಗೊಂದು ಹಾಳಿ ಮ್ಯಾಲ ಕನ್ನಡದಾಗ ಬರದ ಕೊಡ್ರಿ. ಆ ಗುಮಾಸ್ತಗ ಓದಾಕ ಬರಂಗಿಲ್ಲ. ನಾ ಕಲೀತೇನಿ."